ವಿಳಾಸವಿಲ್ಲದ ಗ್ರಹ: ಪ್ರಳಯದ ಭಯ ಹೊಕ್ಕ ಒಂದು ಮನೆಯ ಪ್ರಕರಣ

ಈ ಪ್ರಕರಣ ನಡೆದದ್ದು 2012ರ ಅಕ್ಟೋಬರ್ ಮತ್ತು ಡಿಸೆಂಬರ್ ನಡುವೆ, ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ. ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ, ಅವಳ ತಂದೆ ತಾಯಿ, ಅಜ್ಜಿ ಮತ್ತು ಚಿಕ್ಕಪ್ಪ ಇದರಲ್ಲಿ ಬರುತ್ತಾರೆ. ಯಾರ ಹೆಸರನ್ನೂ ಹೇಳುವುದಿಲ್ಲ. ಕುಟುಂಬವನ್ನು ಗುರುತಿಸಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಶಾಲೆಗಳಲ್ಲಿ ಆಕಾಶ ವೀಕ್ಷಣೆ ಏರ್ಪಡಿಸುವ ಹವ್ಯಾಸಿಗಳ ಗುಂಪೊಂದರಲ್ಲಿ ನಾನು ಆಗ ಕೆಲಸ ಮಾಡುತ್ತಿದ್ದೆ. ಆ ಮೂಲಕವೇ ಈ ಮನೆಯ ಪರಿಚಯವಾಯಿತು.

ಪ್ರಳಯದ ವದಂತಿಗಳನ್ನು ಅಲ್ಲಗಳೆಯುವ ಬರಹಗಳು ಸಾಕಷ್ಟಿವೆ. ಆದರೂ ಇದನ್ನು ದಾಖಲಿಸಲು ಒಂದು ಕಾರಣವಿದೆ. ನಿಬಿರು ಎಂಬ ಅಡಗಿದ ಗ್ರಹ 2012ರ ಡಿಸೆಂಬರ್ 21ರಂದು ಭೂಮಿಗೆ ಬಡಿದು ಲೋಕ ಮುಗಿಯುತ್ತದೆ ಎಂಬ ಒಂದೇ ವದಂತಿಯನ್ನು ಒಂದೇ ಸೂರಿನಡಿ ಇಬ್ಬರು ನಂಬಿದ್ದರು. ಅದೇ ಆಕಾಶ, ಅದೇ ದೂರದರ್ಶಕ, ಅದೇ ಲೆಕ್ಕ ಇಬ್ಬರ ಮುಂದೆಯೂ ಇದ್ದವು. ಒಬ್ಬಳು ಭಯದಿಂದ ಹೊರಬಂದಳು. ಇನ್ನೊಬ್ಬರ ನಂಬಿಕೆ ಅಲುಗಾಡಲಿಲ್ಲ.

ಹಿನ್ನೆಲೆ

ನಿಬಿರು ಎಂಬ ಅಡಗಿದ ಗ್ರಹದ ಕಥೆಗೆ ಹಲವು ಎಳೆಗಳಿವೆ. 1976ರಲ್ಲಿ ಜೆಕರಾಯಾ ಸಿಚಿನ್ ಎಂಬ ಲೇಖಕ, ಸೂರ್ಯನನ್ನು 3600 ವರ್ಷಗಳಿಗೊಮ್ಮೆ ಸುತ್ತುವ ಗ್ರಹವೊಂದು ಸುಮೇರಿಯನ್ನರಿಗೆ ಗೊತ್ತಿತ್ತು ಎಂದು ಬರೆದರು. ಆ ನಾಗರಿಕತೆಯನ್ನು ಅಧ್ಯಯನ ಮಾಡುವ ವಿದ್ವಾಂಸರು ಈ ವಾದವನ್ನು ಒಪ್ಪಿಲ್ಲ. ಬ್ಯಾಬಿಲೋನಿನ ಖಗೋಳ ಫಲಕಗಳಲ್ಲಿ ನಿಬಿರು ಎಂಬ ಹೆಸರು ಮರ್ದುಕ್ ದೇವತೆಗೂ, ಬಹುಮಟ್ಟಿಗೆ ಗುರುಗ್ರಹಕ್ಕೂ ಸೇರಿದ್ದು. 1995ರ ಹೊತ್ತಿಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಹಿಳೆಯೊಬ್ಬರು, ಅನ್ಯಲೋಕದ ಜೀವಿಗಳು ತಮಗೆ ಸಂದೇಶ ಕಳುಹಿಸುತ್ತಿದ್ದಾರೆ, ಬೃಹತ್ ಗ್ರಹವೊಂದು ಭೂಮಿಯತ್ತ ಬರುತ್ತಿದೆ ಎಂದು ಹೇಳತೊಡಗಿದರು. ಅವರು ಕೊಟ್ಟ ಗಡುವು 2003ರ ಮೇ. ಆ ಮೇ ಏನೂ ಆಗದೆ ಕಳೆಯಿತು. ಆಮೇಲೆ ಈ ಕಥೆ ಮಾಯಾ ಪಂಚಾಂಗದ ಜೊತೆ ಸೇರಿಕೊಂಡು 2012ರ ಡಿಸೆಂಬರ್ 21ಕ್ಕೆ ಬಂದು ನಿಂತಿತು. ಅಂದು ಮಾಯಾ ಕಾಲಗಣನೆಯ ಸುಮಾರು 5125 ವರ್ಷಗಳ ಒಂದು ಆವರ್ತ ಮುಗಿಯುತ್ತಿತ್ತು, ಅಷ್ಟೇ. ಮೆಕ್ಸಿಕೋದ ಪಲೆಂಕೆಯಲ್ಲಿರುವ ಶಾಸನವೊಂದು ಕ್ರಿ.ಶ. 4772ರ ದಿನವೊಂದನ್ನು ಉಲ್ಲೇಖಿಸುತ್ತದೆ. 2012ಕ್ಕೆ ಲೋಕ ಮುಗಿಯುತ್ತದೆ ಎಂದು ನಂಬಿದವರು ಅಷ್ಟು ದೂರದ ದಿನಾಂಕವನ್ನು ಕಲ್ಲಿನಲ್ಲಿ ಕೆತ್ತಿಸುತ್ತಿರಲಿಲ್ಲ.

ಇದಕ್ಕೆ ವಿಜ್ಞಾನದ ಬಣ್ಣ ಬಳಿದದ್ದು ಒಂದು ಹಳೆಯ ಸುದ್ದಿ. 1983ರಲ್ಲಿ ಐರಾಸ್ ಎಂಬ ಉಪಗ್ರಹ ಆಕಾಶವನ್ನು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಶೋಧಿಸಿತು. ಅದು ಕಂಡ ಗುರುತು ಸಿಗದ ಕೆಲವು ಚುಕ್ಕೆಗಳ ಬಗ್ಗೆ ಆ ವರ್ಷದ ಡಿಸೆಂಬರ್ 30ರಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ, ಸೌರವ್ಯೂಹದ ಅಂಚಿನಲ್ಲಿ ನಿಗೂಢ ಕಾಯವಿರಬಹುದು ಎಂಬ ಧಾಟಿಯಲ್ಲಿ ವರದಿ ಮಾಡಿತು. ಮುಂದಿನ ಅಧ್ಯಯನದಲ್ಲಿ ಅವುಗಳಲ್ಲಿ ಹೆಚ್ಚಿನವು ಬಹುದೂರದ ಗೆಲಾಕ್ಸಿಗಳೆಂದು ತಿಳಿಯಿತು. ಆ ತಿದ್ದುಪಡಿ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಮೊದಲ ಸುದ್ದಿ ಮಾತ್ರ ಉಳಿಯಿತು.

2012ರಲ್ಲಿ ನಮ್ಮ ಸುದ್ದಿ ವಾಹಿನಿಗಳು ಇದನ್ನು ಹೇಗೆ ಬಳಸಿಕೊಂಡವು ಎಂಬುದು ಆಗ ಟಿ.ವಿ. ನೋಡುತ್ತಿದ್ದವರಿಗೆಲ್ಲ ಗೊತ್ತು. ಉರಿಯುವ ಭೂಗೋಳದ ಚಿತ್ರ, ಎದೆ ನಡುಗಿಸುವ ಸಂಗೀತ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ವಾಹಿನಿಯನ್ನು ಹೊಣೆಯಿಂದ ಬಿಡಿಸುತ್ತದೆ, ಮಗುವನ್ನು ಭಯದಿಂದ ಬಿಡಿಸುವುದಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಜಿನೀವಾ ಬಳಿಯ ಕಣ ವೇಗವರ್ಧಕ (ಸೂಕ್ಷ್ಮ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ) ಚಾಲೂ ಆದಾಗ ಇಂಥದೇ ಪ್ರಸಾರ ನಡೆದಿತ್ತು. ಅದನ್ನು ನೋಡಿ ಹೆದರಿದ ಮಧ್ಯಪ್ರದೇಶದ ಹದಿಹರೆಯದ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳೆಂದು ಪತ್ರಿಕೆಗಳು ವರದಿ ಮಾಡಿದ್ದವು. ನಾಸಾದ ಖಗೋಳ ವಿಜ್ಞಾನಿ ಡೇವಿಡ್ ಮಾರಿಸನ್, ನಿಬಿರು ಬಗ್ಗೆ ತಮಗೆ ಬರುವ ಪತ್ರಗಳಲ್ಲಿ ಸಾಯುವ ಮಾತನಾಡುವ ಚಿಕ್ಕ ಮಕ್ಕಳದ್ದೂ ಇವೆ ಎಂದು ಪದೇ ಪದೇ ಎಚ್ಚರಿಸುತ್ತಿದ್ದರು. ಇದನ್ನೆಲ್ಲ ತಿಳಿದ ಮೇಲೆ, ಪ್ರಳಯದ ಭಯವನ್ನು ನಕ್ಕು ಮರೆಯುವ ವಿಷಯವೆಂದು ನಾನು ಎಂದೂ ಭಾವಿಸಿಲ್ಲ.

ಸಮಸ್ಯೆ

ಹುಡುಗಿ ತರಗತಿಯಲ್ಲಿ ಮುಂದಿದ್ದವಳು. ದಸರಾ ರಜೆಯ ನಂತರ ಓದು ನಿಲ್ಲಿಸಿದಳು. ರಾತ್ರಿ ನಿದ್ದೆ ಇಲ್ಲ, ಬೆಳಗಿನ ಜಾವ ಎದ್ದು ಪೂರ್ವದ ಆಕಾಶ ನೋಡುವುದು, ತಾಯಿಯನ್ನು ಬಿಟ್ಟು ಅಲುಗದಿರುವುದು. ವಿಜ್ಞಾನ ಶಿಕ್ಷಕಿಯನ್ನು ಎಚ್ಚರಿಸಿದ್ದು ಬೇರೊಂದು ಸಂಗತಿ: ಅವಳು ತನ್ನ ಜಾಮಿಟ್ರಿ ಪೆಟ್ಟಿಗೆ, ಬಣ್ಣದ ಪೆನ್ಸಿಲ್, ಇಷ್ಟದ ಕಿವಿಯೋಲೆಗಳನ್ನು ತಂಗಿಗೂ ಗೆಳತಿಯರಿಗೂ ಹಂಚಿಬಿಟ್ಟಿದ್ದಳು. ಯಾಕೆಂದು ಕೇಳಿದ್ದಕ್ಕೆ ‘ಇನ್ನೇನು ಬೇಕಾಗುವುದಿಲ್ಲ’ ಎಂದಿದ್ದಳು.

ನಾನು ಸೇರಿಕೊಳ್ಳುವ ಮೊದಲೇ ಎರಡು ಪ್ರಯತ್ನಗಳಾಗಿದ್ದವು. ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಹಿರಿಯರೊಬ್ಬರು, ‘ಇದೆಲ್ಲ ಮೂಢನಂಬಿಕೆ, ಓದಿದವರು ನಂಬಬಾರದು’ ಎಂದು ಭಾಷಣ ಮಾಡಿದ್ದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಹುಡುಗಿಯ ಒಂದು ಪ್ರಶ್ನೆಗೂ ಅದರಲ್ಲಿ ಉತ್ತರವಿರಲಿಲ್ಲ, ಹೆದರಿದ್ದೇನೆಂದು ಹೇಳಿಕೊಳ್ಳುವುದೇ ಅವಮಾನವಾಯಿತು. ಅವಳು ಮಾತು ನಿಲ್ಲಿಸಿದಳು. ಭಾಷಣ ಫಲ ಕೊಟ್ಟಿತೆಂದು ಶಾಲೆ ಭಾವಿಸಿತು.

ಎರಡನೆಯದು ಮನೆಯಲ್ಲಿ. ತಂದೆ ಅವಳ ಹೆಸರಿನಲ್ಲಿ ದೇವಸ್ಥಾನದಲ್ಲಿ ಶಾಂತಿ ಪೂಜೆ ಮಾಡಿಸಿದರು, ತಾಯತ ಕಟ್ಟಿಸಿದರು. ಮಗಳ ಮೇಲಿನ ಪ್ರೀತಿಯಿಂದ ಮಾಡಿದ್ದು. ಹುಡುಗಿ ಅದರಿಂದ ತೆಗೆದ ತೀರ್ಮಾನ ಮಾತ್ರ ವಿರುದ್ಧವಾಗಿತ್ತು: ಅಪಾಯ ನಿಜವಲ್ಲದಿದ್ದರೆ ಅಪ್ಪ ಸಾಲ ಮಾಡಿ ಪೂಜೆ ಮಾಡಿಸುತ್ತಿರಲಿಲ್ಲ.

ಭಯಕ್ಕೆ ದಿನವೂ ಹೊಸ ಇಂಧನ ಬರುತ್ತಿದ್ದದ್ದು ಚಿಕ್ಕಪ್ಪನಿಂದ. ಸೈಬರ್ ಕೇಂದ್ರದಲ್ಲಿ ವಿಡಿಯೋಗಳನ್ನು ಮೊಬೈಲಿಗೆ ತುಂಬಿಸಿಕೊಂಡು ಬಂದು ಮನೆಮಂದಿಗೆ ತೋರಿಸುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಅಣ್ಣನ ಮಕ್ಕಳೆಂದರೆ ಪ್ರಾಣ. ಎಲ್ಲರಿಗಿಂತ ಮೊದಲು ತಿಳಿದವರು ತಾವು, ತಮ್ಮವರನ್ನು ಎಚ್ಚರಿಸಬೇಕಾದದ್ದು ತಮ್ಮ ಕರ್ತವ್ಯ ಎಂದು ಪ್ರಾಮಾಣಿಕವಾಗಿ ನಂಬಿದ್ದರು.

ಮೊದಲ ನಿರ್ಧಾರಗಳು

ಶಿಕ್ಷಕಿಯೂ ನಾನೂ ಮೊದಲು ಒಪ್ಪಿಕೊಂಡದ್ದು: ಆಕಾಶದ ವಿಷಯ ಆಮೇಲೆ, ಹುಡುಗಿಯ ಕ್ಷೇಮ ಮೊದಲು. ಸಾಯುವ ಯೋಚನೆ ಬಂದಿದೆಯೇ ಎಂದು ಶಿಕ್ಷಕಿ ತಾಯಿಯ ಎದುರು ಸುತ್ತು ಬಳಸದೆ ಕೇಳಿದರು. ಇಂಥ ಪ್ರಶ್ನೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಮನೋವೈದ್ಯರು ಹೇಳುವುದು ಹಾಗಲ್ಲ. ನೇರವಾಗಿ ಕೇಳಿದರೆ ಮನಸ್ಸು ಹಗುರವಾಗುತ್ತದೆ. ತನಗೆ ತಾನು ಏನೂ ಮಾಡಿಕೊಳ್ಳುವ ಯೋಚನೆ ಇಲ್ಲ, ಆ ದಿನ ಎಲ್ಲರೂ ಒಟ್ಟಿಗಿದ್ದರೆ ಸಾಕು ಎಂದಳು. ಆದರೂ ತಾಯಿ ಅವಳನ್ನು ವೈದ್ಯರ ಬಳಿ ಕರೆದುಕೊಂಡು ಹೋದರು. ವೈದ್ಯರು ಔಷಧ ಕೊಡಲಿಲ್ಲ. ಮಲಗುವ ಹೊತ್ತನ್ನು ನಿಗದಿ ಮಾಡಿದರು, ರಾತ್ರಿ ವಿಡಿಯೋ ನೋಡುವುದನ್ನು ನಿಲ್ಲಿಸಲು ಹೇಳಿದರು, ಮತ್ತೆ ಬರುವಂತೆ ಸೂಚಿಸಿದರು.

ಎರಡನೆಯ ನಿರ್ಧಾರ, ಚಿಕ್ಕಪ್ಪನೊಂದಿಗೆ ಅವಳ ಎದುರು ವಾದ ಮಾಡಬಾರದು. ಗೆದ್ದರೆ ಅವಳು ಪ್ರೀತಿಸುವ ಒಬ್ಬರನ್ನು ಕುಗ್ಗಿಸಿದಂತೆ, ಸೋತರೆ ವದಂತಿಗೆ ಬಲ ಕೊಟ್ಟಂತೆ.

ಮೂರನೆಯದು, ನಾಸಾ ಹೀಗೆ ಹೇಳಿದೆ, ವಿಜ್ಞಾನಿಗಳು ಹಾಗೆ ಹೇಳಿದ್ದಾರೆ ಎಂಬ ಮಾತನ್ನೇ ಆಡದಿರುವುದು. ಅವಳಿಗೆ ತೋರಿಸಲಾದ ವಿಡಿಯೋಗಳ ಮೊದಲ ವಾಕ್ಯವೇ ‘ನಾಸಾ ಮುಚ್ಚಿಡುತ್ತಿದೆ’ ಎಂದಿತ್ತು. ಅಲ್ಲಿಂದ ತಂದ ಯಾವ ಪುರಾವೆಯೂ ಅವಳ ಪಾಲಿಗೆ ಆರೋಪಿಯ ಸಾಕ್ಷ್ಯವಾಗುತ್ತಿತ್ತು. ಅವಳ ಮನೆಯ ತಾರಸಿಯಿಂದ, ಅವಳ ಕಣ್ಣಿನಿಂದ, ಅವಳ ಗಣಿತದಿಂದ ಪರೀಕ್ಷಿಸಬಹುದಾದದ್ದನ್ನು ಮಾತ್ರ ಮೊದಲು ತೆಗೆದುಕೊಳ್ಳುವುದೆಂದಾಯಿತು.

ಕೇಳಿದ್ದನ್ನೆಲ್ಲ ಒಂದು ನೋಟ್‌ಪುಸ್ತಕದಲ್ಲಿ ಬರೆಯಲು ಹೇಳಿದೆ. ಅಭಿಪ್ರಾಯ ಬೇಡ; ಯಾರು ಏನು ಹೇಳಿದರು, ಅಷ್ಟೇ. ಬರೆದು ತಂದಾಗ ಒಂದೊಂದಕ್ಕೂ ಒಂದೇ ಪ್ರಶ್ನೆ ಹಾಕಿದೆವು: ಆ ಗ್ರಹ ಈ ರಾತ್ರಿ ಎಲ್ಲಿದೆ?

ಈ ಪ್ರಶ್ನೆಗೆ ನಾನು ಇಷ್ಟು ಒತ್ತು ಕೊಡಲು ಖಗೋಳ ವಿಜ್ಞಾನದ ಇತಿಹಾಸವೇ ಕಾರಣ. ಕಾಣದ ಗ್ರಹಗಳನ್ನು ವಿಜ್ಞಾನ ಹಿಂದೆಯೂ ಹುಡುಕಿದೆ, ಈಗಲೂ ಹುಡುಕುತ್ತಿದೆ. ಯುರೇನಸ್ ದಾರಿ ತಪ್ಪುತ್ತಿರುವುದನ್ನು ಕಂಡ ಫ್ರಾನ್ಸಿನ ಲೆವೆರಿಯೆ, ಅದನ್ನು ಎಳೆಯುತ್ತಿರುವ ಕಾಯ ಆಕಾಶದ ಯಾವ ಜಾಗದಲ್ಲಿರಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿ ಬರ್ಲಿನ್ ವೀಕ್ಷಣಾಲಯಕ್ಕೆ ಬರೆದರು. 1846ರ ಸೆಪ್ಟೆಂಬರ್ 23ರ ರಾತ್ರಿ ಅಲ್ಲಿನ ವೀಕ್ಷಕ ಗಾಲೆ ದೂರದರ್ಶಕ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಸಿಕ್ಕಿತು. ಇದೇ ಲೆವೆರಿಯೆ ಬುಧನಿಗಿಂತ ಒಳಗೆ ವಲ್ಕನ್ ಎಂಬ ಇನ್ನೊಂದು ಗ್ರಹವಿದೆ ಎಂದೂ ಹೇಳಿದ್ದರು. ದಶಕಗಳ ಕಾಲ ಹುಡುಕಿದರೂ ಅದು ಸಿಗಲಿಲ್ಲ. ಬುಧನ ಚಲನೆಯ ವ್ಯತ್ಯಾಸಕ್ಕೆ ಕಾರಣ ಐನ್‌ಸ್ಟೈನರ ಹೊಸ ಗುರುತ್ವ ಸಿದ್ಧಾಂತದಿಂದ 1915ರಲ್ಲಿ ತಿಳಿದಾಗ ವಲ್ಕನ್ ಕೈಬಿಟ್ಟುಹೋಯಿತು. ಎರಡೂ ಗ್ರಹಗಳಿಗೆ ಪತ್ರಕ್ಕಿರುವಂತೆ ವಿಳಾಸವಿತ್ತು. ಹೋಗಿ ನೋಡಲು ಸಾಧ್ಯವಿತ್ತು. ಹುಡುಗಿಗೆ ಈ ಕಥೆ ಹಿಡಿಸಿತು. ಅಷ್ಟು ದೊಡ್ಡ ವಿಜ್ಞಾನಿ ಹೇಳಿದ್ದನ್ನೂ ಹುಡುಕಿ ಸಿಗದಿದ್ದಾಗ ಬಿಟ್ಟುಬಿಡುತ್ತಾರೆ ಎಂಬುದು ಅವಳಿಗೆ ಹೊಸ ವಿಷಯ.

ಲೆಕ್ಕ, ತಾರಸಿ, ಮಹಾವ್ಯಾಧ

ಮೊದಲು ತೆಗೆದುಕೊಂಡದ್ದು 3600 ವರ್ಷಗಳ ಮಾತನ್ನು. ಕೆಪ್ಲರನ ಮೂರನೆಯ ನಿಯಮದ ಪ್ರಕಾರ, ಗ್ರಹವೊಂದು ಸೂರ್ಯನನ್ನು ಸುತ್ತಲು ಬೇಕಾಗುವ ವರ್ಷಗಳ ವರ್ಗವು ಅದರ ಸರಾಸರಿ ದೂರದ ಘನಕ್ಕೆ ಸಮ. ದೂರವನ್ನು ಭೂಮಿ ಮತ್ತು ಸೂರ್ಯರ ಅಂತರದಲ್ಲಿ ಅಳೆಯಬೇಕು. 3600ರ ವರ್ಗ 1,29,60,000. ಅದರ ಘನಮೂಲ ಸುಮಾರು 235, ಅಂದರೆ ಆ ಗ್ರಹದ ಸರಾಸರಿ ದೂರ ಭೂಮಿ ಮತ್ತು ಸೂರ್ಯರ ಅಂತರದ 235 ಪಟ್ಟು. ಹುಡುಗಿ ಊಹಿಸಿ ಗುಣಿಸಿ ತಿದ್ದುತ್ತ ಉತ್ತರಕ್ಕೆ ತಾನೇ ಬಂದಳು. ಇಷ್ಟು ಉದ್ದದ ಕಕ್ಷೆಯಲ್ಲಿ ಭೂಮಿಯ ಬಳಿಗೆ ಬರುವ ಕಾಯದ ವೇಗ ಇಲ್ಲಿ ಸೆಕೆಂಡಿಗೆ ಸುಮಾರು 42 ಕಿಲೋಮೀಟರ್. ಹಿಂದಕ್ಕೆ ಲೆಕ್ಕ ಹಾಕಿದರೆ, ತಲುಪುವ ಎರಡು ವರ್ಷಗಳ ಹಿಂದೆಯೇ ಅದು ಹೆಚ್ಚೂಕಡಿಮೆ ಶನಿಯಷ್ಟು ದೂರದಲ್ಲಿರಬೇಕು. ಒಂದು ತಿಂಗಳ ಮೊದಲು ಸೂರ್ಯನಿಗಿಂತಲೂ ನಮಗೆ ಹತ್ತಿರವಿರಬೇಕು. ಶನಿ ಬರಿಗಣ್ಣಿಗೆ ಕಾಣುತ್ತದೆ. ವಿಡಿಯೋ ಹೇಳುವಂತೆ ಭೂಮಿಯ ನಾಲ್ಕು ಪಟ್ಟು ಅಗಲದ ಗ್ರಹ ಆ ದೂರದಲ್ಲಿದ್ದರೆ, ಅದು ಸಪ್ತರ್ಷಿ ಮಂಡಲದ ನಕ್ಷತ್ರಗಳಷ್ಟಾದರೂ ಹೊಳೆಯುತ್ತಿತ್ತು. ನವೆಂಬರಿನಲ್ಲಿ ಶುಕ್ರನನ್ನೂ ಮೀರಿಸಬೇಕಿತ್ತು.

ಆ ಸೆಪ್ಟೆಂಬರಿನಲ್ಲಿ ನಡೆದಿದ್ದ ಒಂದು ಘಟನೆ ಇಲ್ಲಿ ನೆರವಿಗೆ ಬಂತು. ರಷ್ಯಾದ ಕಿಸ್ಲೊವೊಡ್ಸ್ಕ್ ಬಳಿಯ 40 ಸೆಂಟಿಮೀಟರ್ ದೂರದರ್ಶಕದಿಂದ ಇಬ್ಬರು ವೀಕ್ಷಕರು ಐಸಾನ್ ಎಂಬ ಧೂಮಕೇತುವನ್ನು ಕಂಡುಹಿಡಿದಿದ್ದರು. ಆಗ ಅದು ಗುರುವಿನ ಕಕ್ಷೆಗೂ ಆಚೆ, ಸೂರ್ಯನಿಂದ 90 ಕೋಟಿ ಕಿಲೋಮೀಟರಿಗಿಂತ ದೂರದಲ್ಲಿತ್ತು. ಕೆಲವೇ ಕಿಲೋಮೀಟರಿನ ಹಿಮದ ಗಡ್ಡೆ ಅಷ್ಟು ದೂರದಲ್ಲಿ ಸಿಕ್ಕಿಬೀಳುತ್ತದೆ, ಸಿಕ್ಕ ಕೂಡಲೇ ಜಗತ್ತಿನ ಹವ್ಯಾಸಿಗಳೆಲ್ಲ ಅದರತ್ತ ದೂರದರ್ಶಕ ತಿರುಗಿಸುತ್ತಾರೆ. ಆಕಾಶ ಯಾವ ಸಂಸ್ಥೆಯ ಆಸ್ತಿಯೂ ಅಲ್ಲ. ಇದನ್ನು ನಾನು ಅವಳಿಗೆ ಒತ್ತಿ ಹೇಳಿದೆ, ಇಂದಿಗೂ ಹೇಳುತ್ತೇನೆ.

ಆದರೆ ಲೆಕ್ಕದಿಂದ ಭಯ ಕರಗಲಿಲ್ಲ. ಲೆಕ್ಕ ಒಪ್ಪಿದಳು, ರಾತ್ರಿ ನಿದ್ದೆ ಮಾತ್ರ ಬರಲಿಲ್ಲ. ತಿರುವು ಬಂದದ್ದು ನೋಟ್‌ಪುಸ್ತಕದಲ್ಲಿದ್ದ ಒಂದು ಸಾಲಿನಿಂದ. ಅಂತರಜಾಲದ ನಕ್ಷತ್ರ ನಕ್ಷೆಯೊಂದರಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ಬಳಿ ಕಪ್ಪು ಚೌಕವಿದೆ, ನಿಬಿರುವನ್ನು ಅಲ್ಲಿ ಮುಚ್ಚಿಟ್ಟಿದ್ದಾರೆ ಎಂದು ಒಂದು ವಿಡಿಯೋ ಹೇಳಿತ್ತು. ಚಿತ್ರಗಳನ್ನು ಜೋಡಿಸುವಾಗ ಬಿಟ್ಟುಹೋದ ತುಂಡು ಅದು. ನಮಗೆ ಮುಖ್ಯವಾದದ್ದು ಬೇರೆ: ಅವಳು ಬರೆದುಕೊಂಡಿದ್ದ ಹೇಳಿಕೆಗಳಲ್ಲಿ ಜಾಗವನ್ನು ನಿಖರವಾಗಿ ಹೇಳಿದ್ದು ಇದೊಂದೇ. ಮಹಾವ್ಯಾಧನ ನಡುಪಟ್ಟಿಯ ಪೂರ್ವಕ್ಕೆ, ಸ್ವಲ್ಪ ದಕ್ಷಿಣಕ್ಕೆ. ನವೆಂಬರಿನಲ್ಲಿ ಮಹಾವ್ಯಾಧ ರಾತ್ರಿ ಊಟದ ಹೊತ್ತಿಗೆಲ್ಲ ಪೂರ್ವದಲ್ಲಿ ಏರಿಬರುತ್ತದೆ. ಅಂದೇ ತಾರಸಿಗೆ ಹೋದೆವು. ದುರ್ಬೀನಿನಲ್ಲಿ ಆ ಜಾಗವನ್ನು ಅವಳೇ ಹುಡುಕಿ ನೋಡಿದಳು. ಅಲ್ಲಿದ್ದದ್ದು ಸಾಧಾರಣ ನಕ್ಷತ್ರಗಳು. ಕಣ್ಣಿಗೆ ಕಂಡ ಚುಕ್ಕೆಗಳನ್ನು ಅವಳು ಪುಸ್ತಕದಲ್ಲಿ ಗುರುತು ಮಾಡಿಕೊಂಡಳು. ಕಂಪ್ಯೂಟರಿನ ನಕ್ಷೆಯಲ್ಲಿ ಖಾಲಿಯಿದ್ದ ಜಾಗ ಅವಳ ನಕ್ಷೆಯಲ್ಲಿ ತುಂಬಿತು.

ಇದನ್ನು ಕೇಳಿದ ಚಿಕ್ಕಪ್ಪ, ಅದು ಈಗ ಅಲ್ಲಿಲ್ಲ, ಸೂರ್ಯನ ಹಿಂದೆ ಸರಿದಿದೆ ಎಂದರು. ಅದಕ್ಕೂ ಉತ್ತರವಿತ್ತು. ಭೂಮಿ ತನ್ನ ಕಕ್ಷೆಯಲ್ಲಿ ದಿನಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತದೆ. ಎರಡು ತಿಂಗಳಿಗೆ 60 ಡಿಗ್ರಿ. ನಾವು ಹೀಗೆ ಸುತ್ತುತ್ತಿರುವಾಗ ನಮ್ಮತ್ತ ಧಾವಿಸುವ ಕಾಯ ಸೂರ್ಯನ ಮರೆಯಲ್ಲೇ ಉಳಿಯಲಾರದು. ಆಮೇಲೆ, ಅದು ದಕ್ಷಿಣದಿಂದ ಬರುತ್ತಿದೆ, ಅಂಟಾರ್ಕ್ಟಿಕಾದಿಂದ ಮಾತ್ರ ಕಾಣುತ್ತದೆ ಎಂದರು. ಕರ್ನಾಟಕದಲ್ಲಿರುವವರಿಗೆ ಈ ಮಾತನ್ನು ಪರೀಕ್ಷಿಸುವುದು ಸುಲಭ. ನಾವಿರುವುದು ಸಮಭಾಜಕದಿಂದ ಉತ್ತರಕ್ಕೆ ಸುಮಾರು 14 ಡಿಗ್ರಿಯಲ್ಲಿ. ಆಕಾಶದ ದಕ್ಷಿಣ ಧ್ರುವದ ಸುತ್ತಲಿನ ಒಂದು ಚಿಕ್ಕ ವೃತ್ತ ಬಿಟ್ಟರೆ ಮಿಕ್ಕ ದಕ್ಷಿಣಾಕಾಶವೆಲ್ಲ ವರ್ಷದಲ್ಲಿ ಒಮ್ಮೆಯಾದರೂ ನಮಗೆ ಕಾಣುತ್ತದೆ. ಯುರೋಪಿನ ಬಹುಭಾಗಕ್ಕೆ ಎಂದೂ ಕಾಣದ ಅಗಸ್ತ್ಯ ನಕ್ಷತ್ರ ಡಿಸೆಂಬರ್ ರಾತ್ರಿಗಳಲ್ಲಿ ನಮ್ಮ ತೆಂಗಿನ ಮರಗಳ ಮೇಲೆ ಬರುತ್ತದೆ. ಬೆಳಗಿನ ಜಾವ ತ್ರಿಶಂಕು ನಕ್ಷತ್ರಪುಂಜ ಆಗ್ನೇಯದಲ್ಲಿ ಏಳುತ್ತದೆ. ಹುಡುಗಿ ಹೇಗೂ ನಸುಕಿನಲ್ಲಿ ಏಳುತ್ತಿದ್ದಳು. ಅಲ್ಲಿಯವರೆಗೆ ಕಾವಲು ಕಾಯುವವಳಂತೆ ನೋಡುತ್ತಿದ್ದ ಆಕಾಶವನ್ನು ಈಗ ನಕ್ಷೆ ಹಿಡಿದು ನೋಡತೊಡಗಿದಳು. ಹೊಳೆಯುವ ಶುಕ್ರ, ಅದರ ಬಳಿ ಶನಿ, ಡಿಸೆಂಬರ್ ಮೊದಲ ದಿನಗಳಲ್ಲಿ ಕೆಳಗೆ ಬುಧ. ಅವಳನ್ನು ಅಕ್ಟೋಬರಿನಿಂದ ಹೆದರಿಸುತ್ತಿದ್ದ ‘ಪೂರ್ವದ ದೊಡ್ಡ ಚುಕ್ಕೆ’ ಶುಕ್ರನೇ.

ಇದೇ ದಿನಗಳಲ್ಲಿ ಒಂದು ಸಂಜೆ ಅವಳು ಹೇಳಿದ ಮಾತು ನೋಟ್‌ಪುಸ್ತಕದಲ್ಲಿ ಅವಳದೇ ಅಕ್ಷರದಲ್ಲಿದೆ: ‘ನಾವು ಎಲ್ಲಿ ನೋಡಿದರೂ ಅದು ಅಲ್ಲಿಂದ ಬೇರೆ ಕಡೆ ಹೋಗಿರುತ್ತದೆ. ನಾವು ನೋಡಿದ ಮೇಲೆ ಹೋಗುತ್ತದೆ, ಮೊದಲು ಹೋಗುವುದಿಲ್ಲ.’ ಈ ಎರಡು ವಾಕ್ಯಗಳನ್ನು ನಾವು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ನನ್ನ ಪ್ರಕಾರ ಪ್ರಕರಣದ ನಿಜವಾದ ತಿರುವು ಇದು.

ಎರಡನೆಯದು ನಿಬಿರು ಎಂದು ಹೇಳಲಾಗುತ್ತಿದ್ದ, ಮೊಬೈಲಿನಲ್ಲಿ ತೆಗೆದ ‘ಎರಡು ಸೂರ್ಯ’ರ ಫೋಟೋ ವಿಷಯ ಬೇಗ ಮುಗಿಯಿತು. ಸೂರ್ಯನನ್ನು ನೇರವಾಗಿ ನೋಡದೆ, ನೀರಿನ ಟ್ಯಾಂಕಿನ ಅಂಚಿನಿಂದ ಸೂರ್ಯ ಮರೆಯಾಗುವಂತೆ ಫೋನ್ ಹಿಡಿದರೆ ಎರಡನೆಯ ಸೂರ್ಯನೂ ಮಾಯ. ಫೋನನ್ನು ಓರೆ ಮಾಡಿದರೆ ಅದೂ ಸರಿಯುತ್ತದೆ. ಮಸೂರದೊಳಗೆ ಬೆಳಕು ಪ್ರತಿಫಲಿಸಿ ಮೂಡುವ ಚುಕ್ಕೆ ಅದು. ತಂಗಿ ಇದನ್ನು ಬೀದಿಯ ಮಕ್ಕಳಿಗೆಲ್ಲ ತೋರಿಸಿದಳು.

ಅಜ್ಜಿ ನೆನಪಿಸಿಕೊಂಡ 1962

ಯಾರೂ ಯೋಜಿಸದ ಒಂದು ಸಹಾಯ ಅಜ್ಜಿಯಿಂದ ಬಂತು. ಅಲ್ಲಿಯವರೆಗೆ ಅವರು ಈ ಮಾತುಕತೆಯಲ್ಲಿ ಸೇರಿರಲಿಲ್ಲ. ಮೊಮ್ಮಗಳು ಗ್ರಹಗಳ ಚಿತ್ರ ಬರೆಯುವುದನ್ನು ನೋಡುತ್ತ, ‘ನಮ್ಮ ಕಾಲದಲ್ಲೂ ಪ್ರಳಯ ಬಂದಿತ್ತಲ್ಲ, ಅಷ್ಟಗ್ರಹ ಕೂಟದಲ್ಲಿ’ ಎಂದರು. 1962ರ ಫೆಬ್ರುವರಿ ಮೊದಲ ವಾರದ ಮಾತು. ಸೂರ್ಯ, ಚಂದ್ರ, ಬುಧ, ಶುಕ್ರ, ಮಂಗಳ, ಗುರು, ಶನಿ ಎಲ್ಲವೂ ಮಕರ ರಾಶಿಯಲ್ಲಿ ಒತ್ತೊತ್ತಾಗಿ ಸೇರಿದ್ದವು. ಕೇತುವನ್ನೂ ಸೇರಿಸಿ ಎಂಟು. ಲೋಕ ಮುಗಿಯುತ್ತದೆಂಬ ಭಯ ದೇಶದ ಉದ್ದಗಲಕ್ಕೂ ಹಬ್ಬಿತ್ತು, ಊರೂರಲ್ಲಿ ಹೋಮಗಳು ನಡೆದಿದ್ದವು. ಅಜ್ಜಿ ಆಗ ಮದುವೆಯಾಗಿ ಹೊಸದಾಗಿ ಬಂದವರು. ಅವರ ಮಾವ ಹೊಲಕ್ಕೆ ಹೋಗುವುದನ್ನು ನಿಲ್ಲಿಸಿದ್ದರಂತೆ, ಮಾರಬೇಕಿದ್ದ ರಾಗಿಯನ್ನು ದಾನ ಕೊಟ್ಟುಬಿಟ್ಟಿದ್ದರಂತೆ. ‘ಪ್ರಳಯ ಬರಲಿಲ್ಲ. ಆ ಬೇಸಿಗೆ ರಾಗಿ ಸಾಲ ತಂದೆವು’ ಎಂದು ಅಜ್ಜಿ ಮುಗಿಸಿದರು.

ಹುಡುಗಿ ಆ ರಾತ್ರಿ ತಂಗಿಯಿಂದ ಜಾಮಿಟ್ರಿ ಪೆಟ್ಟಿಗೆ ವಾಪಸು ಕೇಳಿದಳೆಂದು ತಾಯಿ ಮರುದಿನ ಶಿಕ್ಷಕಿಗೆ ಹೇಳಿದರು. ನಾವು ತೋರಿಸಿದ ಯಾವ ನಕ್ಷತ್ರಕ್ಕೂ ಆಗದ ಕೆಲಸ ಇದು. ಭಯಪಟ್ಟು ಬದುಕಿ ಉಳಿದವರೊಬ್ಬರು ಅವಳ ಮನೆಯಲ್ಲೇ, ಅವಳ ಪಕ್ಕದಲ್ಲೇ ಕೂತಿದ್ದರು. ಇಂಥ ಪ್ರಕರಣಗಳಲ್ಲಿ ಮನೆಯ ಹಿರಿಯರನ್ನು ಮೂಢನಂಬಿಕೆಯ ಕಡೆಯವರೆಂದು ಮೊದಲೇ ಬದಿಗಿಡುವ ಅಭ್ಯಾಸ ವಿಜ್ಞಾನ ಪ್ರಚಾರಕರಲ್ಲಿದೆ. ಅದು ನಷ್ಟದ ಅಭ್ಯಾಸ.

ಭವಿಷ್ಯವಾಣಿಯ ಎದುರು ಮುನ್ಸೂಚನೆ

ಡಿಸೆಂಬರ್ ಮೊದಲ ವಾರ ಗುರು ಸೂರ್ಯನಿಗೆ ಎದುರು ಬಂದು ರಾತ್ರಿಯಿಡೀ ರೋಹಿಣಿ ನಕ್ಷತ್ರದ ಬಳಿ ಹೊಳೆಯುತ್ತಿತ್ತು. ಸಣ್ಣ ದೂರದರ್ಶಕವನ್ನು ಅವರ ತಾರಸಿಯಲ್ಲೇ ಬಿಟ್ಟೆವು. ಗುರುವಿನ ನಾಲ್ಕು ದೊಡ್ಡ ಚಂದ್ರಗಳು ಪ್ರತಿ ಸಂಜೆ ಯಾವ ಬದಿಯಲ್ಲಿ ಎಷ್ಟು ದೂರದಲ್ಲಿರುತ್ತವೆ ಎಂಬ ಪಟ್ಟಿಯನ್ನು ಮೊದಲೇ ಮುದ್ರಿಸಿ ಮುಚ್ಚಿದ ಲಕೋಟೆಯಲ್ಲಿ ಶಿಕ್ಷಕಿಗೆ ಕೊಟ್ಟಿದ್ದೆ. ಹುಡುಗಿ ಮೊದಲು ನೋಡಿ ಚಿತ್ರ ಬರೆಯಬೇಕು, ಆಮೇಲೆ ಲಕೋಟೆ ತೆರೆಯಬೇಕು. ಭಾರವಾದ ಅಪರಿಚಿತ ಕಾಯವೊಂದು ಸೌರವ್ಯೂಹದೊಳಗೆ ನುಗ್ಗಿದ್ದರೆ ಗ್ರಹಗಳ ಚಲನೆ ಕೆಡುತ್ತಿತ್ತು, ಲೆಕ್ಕಗಳು ತಪ್ಪುತ್ತಿದ್ದವು. ಸಂಜೆಯಿಂದ ಸಂಜೆಗೆ ಚಿತ್ರವೂ ಪಟ್ಟಿಯೂ ಹೊಂದಿದವು. ಆ ವರ್ಷದ ಜೂನ್ 6ರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಮೋಡದ ಎಡೆಯಿಂದ ಅವಳೇ ನೋಡಿದ್ದ ಶುಕ್ರ ಸಂಕ್ರಮಣವನ್ನು, ಅಂದರೆ ಶುಕ್ರ ಸೂರ್ಯಬಿಂಬದ ಮೇಲೆ ಹಾದುಹೋದದ್ದನ್ನು ಆಗ ನೆನಪಿಸಿದೆ. ಅದರ ವೇಳೆಯನ್ನು ಬಹಳ ವರ್ಷಗಳ ಹಿಂದೆಯೇ ಲೆಕ್ಕ ಹಾಕಿ ಇಡಲಾಗಿತ್ತು, ಅದು ಹಾಗೆಯೇ ನಡೆಯಿತು.

ಡಿಸೆಂಬರ್ 13ರ ಅಮಾವಾಸ್ಯೆ ಒಂದು ಆತಂಕ ತಂದಿತು. ಅಂದು ರಾತ್ರಿ ಮಿಥುನ ರಾಶಿಯ ಉಲ್ಕಾವೃಷ್ಟಿ ತುಟ್ಟತುದಿಗೆ ಬರುತ್ತದೆ. ಪ್ರಳಯಕ್ಕೆ ಕೆಲವೇ ದಿನಗಳಿರುವಾಗ ಆಕಾಶದಿಂದ ಬೆಂಕಿ ಬೀಳುವುದನ್ನು ಕಂಡರೆ ಇಷ್ಟು ದಿನದ ಕೆಲಸ ಕೊಚ್ಚಿಹೋಗಬಹುದೆಂದು ಶಿಕ್ಷಕಿ ಹೆದರಿದರು. ಅವಳಿಂದ ಮರೆಮಾಡುವ ಸಲಹೆಯೂ ಬಂತು. ನಾವು ಮುಚ್ಚಿಟ್ಟರೆ ‘ಮುಚ್ಚಿಡುತ್ತಾರೆ’ ಎಂಬ ಆರೋಪವನ್ನು ನಾವೇ ನಿಜ ಮಾಡಿದಂತಾಗುತ್ತಿತ್ತು. ಆದ್ದರಿಂದ ಒಂದು ವಾರ ಮೊದಲೇ ಹೇಳಿದೆವು: ಯಾವ ರಾತ್ರಿ, ಯಾವ ದಿಕ್ಕಿನಿಂದ, ಯಾಕೆ. ಫೇಥಾನ್ ಎಂಬ ಕ್ಷುದ್ರಗ್ರಹ ತನ್ನ ದಾರಿಯಲ್ಲಿ ಉದುರಿಸಿದ ಧೂಳಿನೊಳಗೆ ಭೂಮಿ ಪ್ರತಿ ಡಿಸೆಂಬರ್ ಹಾದುಹೋಗುತ್ತದೆ ಎಂಬುದನ್ನೂ ವಿವರಿಸಿದೆವು. ಹೇಳಿದ ರಾತ್ರಿ ಹೇಳಿದ ಕಡೆಯಿಂದಲೇ ಉಲ್ಕೆಗಳು ಬಂದವು. ಕಂಬಳಿ ಹೊದ್ದು ಮನೆಮಂದಿಯೆಲ್ಲ ತಾರಸಿಯಲ್ಲಿ ಕೂತರು, ಚಿಕ್ಕಪ್ಪನೂ ಸೇರಿ.

ಡಿಸೆಂಬರ್ 21 ಶುಕ್ರವಾರ. ಅಂದು ಶಾಲೆಯಲ್ಲಿ ವಿಶೇಷ ಕಾರ್ಯಕ್ರಮ ಮಾಡಿ, ‘ಪ್ರಳಯ ಬರಲಿಲ್ಲ’ ಎಂದು ಸಂಭ್ರಮಿಸೋಣ ಎಂಬ ಸಲಹೆಯನ್ನು ನಾನು ವಿರೋಧಿಸಿದೆ. ಆ ದಿನಕ್ಕೆ ನಾವು ಕೊಡುವ ಯಾವ ಮಹತ್ವವೂ ವದಂತಿ ಕೊಟ್ಟ ಮಹತ್ವಕ್ಕೆ ಸೇರಿಕೊಳ್ಳುತ್ತದೆ. ಅಂದು ಎಂದಿನಂತೆ ತರಗತಿ ನಡೆಯಿತು, ಸಂಜೆ ಅವಳು ಮನೆಪಾಠಕ್ಕೆ ಹೋಗಿ ಬಂದು ಗುರುವಿನ ಚಂದ್ರಗಳನ್ನು ಬರೆದಳು.

ಚಿಕ್ಕಪ್ಪ

ಚಿಕ್ಕಪ್ಪ ಪ್ರತಿಯೊಂದು ಪ್ರಯೋಗದಲ್ಲೂ ಹತ್ತಿರವಿದ್ದರು. ಗುರುವಿನ ಚಂದ್ರಗಳನ್ನು ನೋಡಿ ಸಂತೋಷಪಟ್ಟರು. ಆದರೂ ಡಿಸೆಂಬರ್ 20ರವರೆಗೆ ನಂಬಿಕೆ ಕದಲಲಿಲ್ಲ, 22ರಂದು ‘ದಿನಾಂಕದ ಲೆಕ್ಕದಲ್ಲಿ ತಪ್ಪಾಗಿದೆ’ ಎಂದರು. ನಮ್ಮ ಪುರಾವೆ ಇನ್ನೂ ಗಟ್ಟಿಯಾಗಿರಬೇಕಿತ್ತೇ ಎಂದು ಶಿಕ್ಷಕಿ ಕೇಳಿದರು. ನನಗೆ ಹಾಗನ್ನಿಸಲಿಲ್ಲ.

ಅವರು ಕೊಳವೆ ಬಾವಿಗಳಿಗೆ ಹಣ ಸುರಿದು ನೀರು ಕಾಣದೆ ಕೈಸಾಲದಲ್ಲಿ ಮುಳುಗಿದ್ದರೆಂಬುದು ನನಗೆ ತಿಳಿದದ್ದು ಡಿಸೆಂಬರಿನಲ್ಲಿ, ಅವರೊಬ್ಬರೇ ಸಿಕ್ಕಾಗ. ಸಾಲ ಕೊಟ್ಟವರಿಗೆ ಹೇಳಿದ್ದ ಗಡುವು ಸಂಕ್ರಾಂತಿ. ‘ಎಲ್ಲರಿಗೂ ಒಂದೇ ಸಲ ಆಗುವುದಾದರೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ’ ಎಂದರು. ಅಂದರೆ, ಅಣ್ಣನ ಮಗಳಿಗೆ ಭಯವಾಗಿದ್ದ ಸುದ್ದಿ ಇವರಿಗೆ ನೆಮ್ಮದಿಯಾಗಿತ್ತು. ಭಯಪಟ್ಟವಳಿಗೆ ಅದು ಸುಳ್ಳಾಗಬೇಕಿತ್ತು, ಆದ್ದರಿಂದ ಪುರಾವೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇವರಿಗೆ ಅದು ನಿಜವಾಗಬೇಕಿತ್ತು. ದೂರದರ್ಶಕ ಎಷ್ಟು ಒಳ್ಳೆಯದಿದ್ದರೂ ಸಂಕ್ರಾಂತಿಯ ಗಡುವನ್ನು ಅದು ಮುಂದೂಡುವುದಿಲ್ಲ.

ಇದನ್ನು ಅವರ ಒಪ್ಪಿಗೆ ಪಡೆದು ಅಣ್ಣನಿಗೆ ತಿಳಿಸಿದೆ. ಸಾಲ ಇಷ್ಟಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಣ್ಣತಮ್ಮಂದಿರು ಕೂತು ಮಾತಾಡಿದರು, ಸಾಲ ಕೊಟ್ಟವರ ಬಳಿ ಹೋಗಿ ಕಂತು ಮಾಡಿಸಿಕೊಂಡರು. ಪ್ರಳಯದ ವಿಡಿಯೋಗಳು ಆ ಮನೆಯಲ್ಲಿ ಕಡಿಮೆಯಾದದ್ದು ಅದರ ನಂತರ. ಎರಡಕ್ಕೂ ನೇರ ಸಂಬಂಧವಿದೆ ಎಂದು ಒಂದು ಮನೆಯನ್ನು ನೋಡಿ ಸಾಧಿಸಲಾಗದು. ಆದರೆ ಯಾರಾದರೂ ಪ್ರಳಯವನ್ನು ಹಿಡಿದು ಜೋತಾಡುತ್ತಿದ್ದರೆ, ಆ ದಿನಾಂಕದ ಆಚೆ ಅವರಿಗೆ ಏನು ಕಾದಿದೆ ಎಂದು ಈಗ ನಾನು ಮೊದಲು ವಿಚಾರಿಸುತ್ತೇನೆ.

ನಂತರ

2014ರಲ್ಲಿ ವೈಸ್ ಎಂಬ ಅವಕೆಂಪು ದೂರದರ್ಶಕದ ಶೋಧದ ಫಲಿತಾಂಶ ಪ್ರಕಟವಾಯಿತು. ಭೂಮಿ ಮತ್ತು ಸೂರ್ಯರ ಅಂತರದ 10,000 ಪಟ್ಟು ದೂರದವರೆಗೆ ಶನಿಯಷ್ಟು ದೊಡ್ಡ ಅಪರಿಚಿತ ಗ್ರಹವಿಲ್ಲ ಎಂದು ಅದು ತೋರಿಸಿತು. 2016ರ ಜನವರಿಯಲ್ಲಿ ಬೇರೊಂದು ಸುದ್ದಿ ಬಂತು: ಬಟಿಗಿನ್ ಮತ್ತು ಬ್ರೌನ್ ಎಂಬ ವಿಜ್ಞಾನಿಗಳು, ನೆಪ್ಚೂನ್ ಆಚೆಯ ಕೆಲವು ಕಾಯಗಳ ಕಕ್ಷೆಗಳು ಒಂದೇ ಕಡೆಗೆ ವಾಲಿರುವುದಕ್ಕೆ ಕಾಣದ ಒಂಬತ್ತನೆಯ ಗ್ರಹ ಕಾರಣವಿರಬಹುದೆಂದು ಪ್ರಸ್ತಾಪಿಸಿದರು. ಭೂಮಿಯ ಸುಮಾರು ಹತ್ತು ಪಟ್ಟು ದ್ರವ್ಯರಾಶಿ, ಒಂದು ಸುತ್ತಿಗೆ 10,000ದಿಂದ 20,000 ವರ್ಷ. ‘ನಿಬಿರು ಸಿಕ್ಕಿತು’ ಎಂಬ ಶೀರ್ಷಿಕೆಗಳು ಮರುದಿನವೇ ಹರಿದಾಡಿದವು.

ಆ ಹೊತ್ತಿಗೆ ಹುಡುಗಿ ಪದವಿ ಓದುತ್ತಿದ್ದಳು. ಅವಳು ಶಿಕ್ಷಕಿಗೆ ಕಳುಹಿಸಿದ ಸಂದೇಶದಲ್ಲಿ ಎರಡು ಪ್ರಶ್ನೆಗಳಿದ್ದವು: ಅದನ್ನು ಕಂಡಿದ್ದಾರೋ ಇಲ್ಲ ಲೆಕ್ಕದಿಂದ ಊಹಿಸಿದ್ದಾರೋ? ಸೂರ್ಯನಿಗೆ ತೀರ ಹತ್ತಿರ ಬರುವಾಗ ಎಷ್ಟು ದೂರದಲ್ಲಿರುತ್ತದೆ? ಉತ್ತರಗಳನ್ನೂ ಅವಳೇ ಹುಡುಕಿ ಕೆಳಗೆ ಬರೆದಿದ್ದಳು. ಕಂಡಿಲ್ಲ, ಊಹಿಸಿದ್ದಾರೆ. ಹತ್ತಿರ ಬಂದಾಗಲೂ ಭೂಮಿ ಮತ್ತು ಸೂರ್ಯರ ಅಂತರದ ಇನ್ನೂರು ಪಟ್ಟಿಗಿಂತ ಆಚೆ. ನೆಪ್ಚೂನ್ ಇರುವುದು ಮೂವತ್ತರಲ್ಲಿ. ಆ ಗ್ರಹ ಇಂದಿಗೂ ಸಿಕ್ಕಿಲ್ಲ. ಕಕ್ಷೆಗಳ ವಾಲಿಕೆ ನಾವು ಹುಡುಕಿದ ರೀತಿಯಿಂದಲೇ ಹುಟ್ಟಿದ ಭ್ರಮೆ ಇರಬಹುದೆಂದು ವಾದಿಸುವ ಖಗೋಳ ವಿಜ್ಞಾನಿಗಳೂ ಇದ್ದಾರೆ.

2017ರಲ್ಲಿ ಸೆಪ್ಟೆಂಬರ್ 23ಕ್ಕೆ ನಿಬಿರು ಬರುತ್ತದೆಂದು ಮತ್ತೊಂದು ಗಡುವು ಹೊರಟಿತು. ಚಿಕ್ಕಪ್ಪ ಆ ಸಂದೇಶವನ್ನು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಒಮ್ಮೆ ಕಳುಹಿಸಿದರು. ‘ಈ ರಾತ್ರಿ ಎಲ್ಲಿದೆ ಎಂದು ಕೇಳಿ ಹೇಳಿ ಚಿಕ್ಕಪ್ಪ’ ಎಂದು ಅವಳು ಬರೆದಳು. ಅವರು ಮತ್ತೆ ಏನೂ ಕಳುಹಿಸಲಿಲ್ಲ. ಆ ಶನಿವಾರ ಹೊಲದಲ್ಲಿ ಕಡಲೆಗಿಡ ಕೀಳಿಸುತ್ತಿದ್ದರಂತೆ.

ಇಂಥ ಮಗು ತರಗತಿಯಲ್ಲಿ ಕಂಡರೆ ಶಿಕ್ಷಕರು ಈಗ ಒಬ್ಬರೇ ನಿಭಾಯಿಸಬೇಕಾಗಿಲ್ಲ. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಹಗಲಿರುಳು ಲಭ್ಯವಿದೆ, ಕನ್ನಡದಲ್ಲೂ ಮಾತಾಡಬಹುದು. ನಿದ್ದೆಗೆಟ್ಟಿರುವುದು, ತನ್ನ ವಸ್ತುಗಳನ್ನು ಹಂಚಿಬಿಡುವುದು, ‘ಇನ್ನು ಬೇಕಾಗುವುದಿಲ್ಲ’ ಎನ್ನುವುದು ಕಂಡುಬಂದರೆ ಗ್ರಹ, ನಕ್ಷತ್ರಗಳ ಮಾತಿಗೆ ಮೊದಲು ಆ ಕರೆ ಮಾಡಿ. ದೂರದರ್ಶಕವನ್ನು ಮರುದಿನ ತೆಗೆಯಬಹುದು.